ಜೇಬಿನಲ್ಲಿ ತಿಂಡಿ, ಚೀಲದಲ್ಲಿ ಬುತ್ತಿ: ಕೊಡಚಾದ್ರಿಗೆ ಏನು ಒಯ್ಯಬೇಕು?

ಪ್ರಶ್ನೆ: ನಾವು ಶಿವಮೊಗ್ಗದವರು, ಎಂಟು ಜನ. ನವೆಂಬರ್ ಕೊನೆಯ ವಾರ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತಬೇಕು ಅಂದುಕೊಂಡಿದ್ದೇವೆ. ಗುಂಪಿನಲ್ಲಿ 11 ಮತ್ತು 13 ವರ್ಷದ ಇಬ್ಬರು ಮಕ್ಕಳಿದ್ದಾರೆ. ನಮ್ಮ ಭಾವನಿಗೆ 52 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ವರ್ಷ ಕವಲೇದುರ್ಗಕ್ಕೆ ಹೋದಾಗ ದೊಡ್ಡ ಚಿಪ್ಸ್ ಪ್ಯಾಕೆಟ್, ಬಿಸ್ಕತ್ತು, ಒಂದು ಡಬ್ಬ ಪುಳಿಯೋಗರೆ ಒಯ್ದಿದ್ದೆವು. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೆ ತಲೆನೋವು. ಇಳಿಯುವಾಗ ನನಗೆ ಮೀನಖಂಡ ಹಿಡಿದುಕೊಂಡಿತು. ಈ ಸಲ ಎನರ್ಜಿ ಬಾರ್, ಡ್ರೈ ಫ್ರೂಟ್ಸ್ ತರಿಸಬೇಕಾ? ಮನೆ ತಿಂಡಿಯೇ ಸಾಕಾ? ಎಷ್ಟು ಬೇಕಾಗುತ್ತದೆ?

ಉತ್ತರ: ಏನು ಒಯ್ದಿರಿ ಅಂತ ಬರೆದಿದ್ದೀರಿ. ಯಾವಾಗ ತಿಂದಿರಿ ಅಂತ ಬರೆದಿಲ್ಲ. ನನ್ನ ಊಹೆ ಹೇಳಲಾ? ಬೆಳಗ್ಗೆ ಐದೂವರೆಗೆ ಮನೆ ಬಿಟ್ಟಿರಿ. ತೀರ್ಥಹಳ್ಳಿಯಲ್ಲಿ ಕಾಫಿ ಆಯಿತು. ಇಬ್ಬರೋ ಮೂವರೋ ಇಡ್ಲಿ ತಿಂದರು, ಉಳಿದವರು "ಮೇಲೆ ಹೋಗಿ ತಿಂದರಾಯ್ತು" ಅಂದರು. ಮೇಲೆ ಹೋದ ಮೇಲೆ ಕೋಟೆ ಬಾಗಿಲು, ಕೊಳ, ಫೋಟೊ. ಒಂದೂವರೆಗೆ ಡಬ್ಬ ಬಿಚ್ಚುವಾಗ ಹಸಿವು ಒಮ್ಮೆ ಸತ್ತು ಮತ್ತೆ ಹುಟ್ಟಿತ್ತು. ಪುಳಿಯೋಗರೆಯನ್ನು ಗಂಟಲವರೆಗೆ ತಿಂದಿರಿ, ನೀರು ಆಗಲೇ ಅರ್ಧ ಖಾಲಿ, ಮತ್ತೆ ಇಳಿಯಲು ಹೊರಟಿರಿ.

ಹೀಗೇ ಆಗಿದ್ದರೆ ಪುಳಿಯೋಗರೆಯದು ಏನೂ ತಪ್ಪಿಲ್ಲ.

ನಾನು ಓದಿದ್ದು ಆಹಾರ, ಪಥ್ಯದ ವಿಷಯ. ಹೊಟ್ಟೆಪಾಡೂ ಅದೇ. ಬೆಟ್ಟ ಹತ್ತೋದು ಚಟ. ಇಪ್ಪತ್ತು ವರ್ಷದಿಂದ ರಜೆ ಸಿಕ್ಕಾಗೆಲ್ಲ ನೆಂಟರು, ಸ್ನೇಹಿತರು, ಪಕ್ಕದ ಮನೆಯ ಮಕ್ಕಳು ಅಂತ ಒಂದು ಹಿಂಡು ಕಟ್ಟಿಕೊಂಡು ಹೊರಡುತ್ತೇನೆ. ಎಲ್ಲರ ಚೀಲದಲ್ಲೂ ಊಟಕ್ಕೆ ಸಾಕಾಗುವಷ್ಟು ತಿಂಡಿ ಇರುತ್ತದೆ. ಆದರೂ ಸುಸ್ತಾಗುತ್ತಾರೆ. ಯಾಕೆಂದರೆ ತಿಂಡಿ ಚೀಲದ ತಳದಲ್ಲಿರುತ್ತದೆ, ಅದರ ಮೇಲೆ ಜರ್ಕಿನ್, ಅದರ ಮೇಲೆ ಟವೆಲ್. ಒಬ್ಬರು ನಿಂತು ಚೀಲ ಇಳಿಸಿದರೆ ಎಂಟು ಜನವೂ ನಿಲ್ಲಬೇಕು. ಆ ಸಂಕೋಚಕ್ಕೆ ಯಾರೂ ತೆಗೆಯುವುದಿಲ್ಲ. ಅದಕ್ಕೇ ನಾನು ತಿಂಡಿಯನ್ನು ಎರಡು ಮಾಡುತ್ತೇನೆ. ನಡೆಯುತ್ತಾ ತಿನ್ನುವುದು ಜೇಬಿನದು, ಕೂತು ತಿನ್ನುವುದು ಚೀಲದ್ದು. ಜೇಬಿನ ತಿಂಡಿ ಸರಿಯಾದರೆ ಬುತ್ತಿ ಸಣ್ಣದಿದ್ದರೂ ನಡೆಯುತ್ತದೆ.

ಲೆಕ್ಕ ಹೀಗಿದೆ. ಚೀಲ ಹೊತ್ತು ಏರು ಹತ್ತುವ ದೊಡ್ಡವರೊಬ್ಬರಿಗೆ ಗಂಟೆಗೆ 400 ಕ್ಯಾಲೊರಿಯ ಆಸುಪಾಸು ಖರ್ಚಾಗುತ್ತದೆ. ಅಷ್ಟನ್ನೂ ದಾರಿಯಲ್ಲೇ ತಿಂದು ತುಂಬಿಸಬೇಕಿಲ್ಲ, ಮೈಯಲ್ಲಿ ದಾಸ್ತಾನು ಇರುತ್ತದೆ. ಆದರೆ ಗಂಟೆಗೆ 30 ಗ್ರಾಂ ಕಾರ್ಬೊಹೈಡ್ರೇಟ್ ಆದರೂ ಒಳಗೆ ಹೋಗುತ್ತಿದ್ದರೆ ಕಾಲು ಸೋಲುವುದು ತಡವಾಗುತ್ತದೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನಮ್ಮ ಪುಟ್ಟಬಾಳೆಯಾದರೆ ಎರಡು ಬೇಕು. ಅಂದರೆ ಬೇಕಾದದ್ದು ದೊಡ್ಡ ಪ್ರಮಾಣವೇನಲ್ಲ. ಮುಕ್ಕಾಲು ಗಂಟೆಗೊಮ್ಮೆ ಒಂದು ಹಿಡಿ, ಅಷ್ಟೇ. ಹಸಿವಾಗುವ ಮೊದಲೇ ತಿನ್ನಬೇಕು.

ಈಗ ಒಂದು ತಮಾಷೆ ಹೇಳುತ್ತೇನೆ. ಏದುಸಿರು ಬಿಡುವಾಗ ಬಾಯಿ ಒಣಗಿರುತ್ತದೆ. ಆಗ ಮನೆಯಲ್ಲಿ ರುಚಿಯಾಗಿದ್ದ ಎಷ್ಟೋ ತಿಂಡಿ ಬಾಯಲ್ಲಿ ತಿರುಗುವುದೇ ಇಲ್ಲ. ಬಿಸ್ಕತ್ತು ಸಿಮೆಂಟಾಗುತ್ತದೆ. ಖರ್ಜೂರ ಅಂಗುಳಕ್ಕೆ ಅಂಟುತ್ತದೆ. ಒಮ್ಮೆ ನಾನೇ ಆಸೆಗೆ ಬಿದ್ದು ಒಂದು ಪೆಟ್ಟಿಗೆ ಎನರ್ಜಿ ಬಾರ್ ತರಿಸಿದ್ದೆ. ಅದರ ಮೇಲೆ ಬರೆದ ಪೋಷಕಾಂಶಗಳ ಪಟ್ಟಿ ಓದಿದರೆ ಅರ್ಧ ಹೊಟ್ಟೆ ತುಂಬುತ್ತಿತ್ತು. ಏರಿನಲ್ಲಿ ಒಂದೊಂದು ತುತ್ತಿಗೂ ನೀರು ಬೇಕಾಯಿತು. ಅರ್ಧ ಪೆಟ್ಟಿಗೆ ವಾಪಸ್ ಬಂತು, ಮನೆಯಲ್ಲಿ ಮಳೆಗಾಲ ಪೂರ್ತಿ ಚಹಾದ ಜೊತೆ ಮುಗಿಸಿದೆವು. ಬಾರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೊದಲು ಒಂದು ತಂದು, ಮನೆಯ ಮೆಟ್ಟಿಲು ಹತ್ತು ಸಲ ಹತ್ತಿಳಿದು ತಿಂದು ನೋಡಿ. ಇಳಿದರೆ ತನ್ನಿ.

ಜೇಬಿಗೆ ನನ್ನ ಮೊದಲ ಆಯ್ಕೆ ಹುರಿದ ಅವಲಕ್ಕಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆಚ್ಚಿನವರು ಕೆಡಿಸುವುದು ಇಲ್ಲೇ. ತೆಳು ಅವಲಕ್ಕಿ ತನ್ನಿ. ದಪ್ಪದ್ದು ಹಲ್ಲಿಗೆ ಕಲ್ಲು. ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಮೊದಲು ಒಣದಾಗಿ ಹುರಿಯಿರಿ. ಒಂದು ಎಸಳು ತೆಗೆದು ಎರಡು ಬೆರಳಲ್ಲಿ ಒತ್ತಿ ನೋಡಿ. ಚಟ್ ಅಂತ ಮುರಿಯಬೇಕು, ಮಡಚಿಕೊಂಡರೆ ಇನ್ನೂ ಆಗಿಲ್ಲ. ಅದನ್ನು ಪೇಪರ್ ಮೇಲೆ ಹರವಿ. ಅದೇ ಬಾಣಲೆಗೆ ಮೂರು ನಾಲ್ಕು ಚಮಚ ಎಣ್ಣೆ, ಶೇಂಗಾ. ಶೇಂಗಾದ ಸಿಪ್ಪೆ ಬಿರಿಯಲು ಶುರುವಾದಾಗ ತೆಳ್ಳಗೆ ಕತ್ತರಿಸಿದ ಒಣ ಕೊಬ್ಬರಿ, ಹುರಿಗಡಲೆ, ಆಮೇಲೆ ಕರಿಬೇವು. ಕರಿಬೇವನ್ನು ಹಿಂದಿನ ದಿನವೇ ತೊಳೆದು ಬಟ್ಟೆ ಮೇಲೆ ಒಣಗಿಸಿಡಿ. ಅದರಲ್ಲಿ ಚೂರು ಹಸಿ ಉಳಿದರೂ ಬೆಳಗಾಗುವುದರೊಳಗೆ ಡಬ್ಬ ಪೂರ್ತಿ ಮೆತ್ತಗಾಗಿರುತ್ತದೆ. ಒಲೆ ಆರಿಸಿ ಅರಿಶಿನ, ಉಪ್ಪು, ಸ್ವಲ್ಪ ಪುಡಿ ಸಕ್ಕರೆ. ಉಪ್ಪು ಮನೆಗೆ ಹಾಕುವುದಕ್ಕಿಂತ ಒಂದು ಚಿಟಿಕೆ ಜಾಸ್ತಿ ಇರಲಿ. ಖಾರದ ಪುಡಿ ಮಾತ್ರ ಬೇಡ. ಜೋರಾಗಿ ಉಸಿರು ಎಳೆಯುವಾಗ ಆ ಪುಡಿ ಗಂಟಲಿಗೆ ಹೋದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಖಾರ ಬೇಕೆಂದರೆ ಒಣಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಡಿ, ಎಣ್ಣೆಗೆ ಬಂದ ಖಾರವೇ ಸಾಕು.

ಇದು ಬಾಯಲ್ಲಿ ಹಗುರ, ಅಗಿಯಲು ಶ್ರಮ ಇಲ್ಲ, ಅಂಟುವುದಿಲ್ಲ. ಅವಲಕ್ಕಿಯ ಪಿಷ್ಟ ಬೇಗ ಕೆಲಸಕ್ಕೆ ಬರುತ್ತದೆ, ಶೇಂಗಾ ನಿಧಾನವಾಗಿ. ಶೇಂಗಾ 100 ಗ್ರಾಂಗೆ ಸುಮಾರು 567 ಕ್ಯಾಲೊರಿ, 25 ಗ್ರಾಂ ಪ್ರೋಟೀನ್. ಬಾದಾಮಿಯೂ ಹೆಚ್ಚುಕಡಿಮೆ ಅಲ್ಲೇ ಇದೆ, ಬೆಲೆ ಮಾತ್ರ ಎಲ್ಲೋ ಇದೆ. ಡ್ರೈ ಫ್ರೂಟ್ಸ್ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಸಿಕ್ಕಿತು ಅಲ್ವಾ? ಒಣದ್ರಾಕ್ಷಿ ಒಂದು ಹಿಡಿ ಬೇಕಾದರೆ ಅವಲಕ್ಕಿಗೇ ಸೇರಿಸಿ.

ಎರಡನೆಯದು ಶೇಂಗಾ ಚಿಕ್ಕಿ. ಇದಕ್ಕೆ ಇರುವ ಒಂದೇ ಶತ್ರು ನಮ್ಮ ಹವೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಗುಂಬೆ ಕಡೆ ಜುಲೈನಲ್ಲಿ ಚಿಕ್ಕಿ ಒಯ್ದರೆ ಮಧ್ಯಾಹ್ನಕ್ಕೆ ಎಲ್ಲ ಸೇರಿ ಒಂದೇ ಮುದ್ದೆ. ನವೆಂಬರ್ ಕೊನೆಗೆ ಆ ತೊಂದರೆ ಅಷ್ಟಿಲ್ಲ. ಆದರೂ ಒಂದೊಂದನ್ನೇ ಬೆಣ್ಣೆ ಕಾಗದದಲ್ಲಿ ಸುತ್ತಿ, ಇಪ್ಪತ್ತು ಗ್ರಾಂನ ಸಣ್ಣ ತುಂಡು ಮಾಡಿ. ಮನೆಯಲ್ಲಿ ಮಾಡುವುದಾದರೆ ಪಾಕ ಗಟ್ಟಿಯಾಗಲಿ. ತಣ್ಣೀರಿಗೆ ಒಂದು ಹನಿ ಬಿಟ್ಟು ತೆಗೆದು ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕು. ಎಳ್ಳುಂಡೆಯೂ ಚೆನ್ನ. ತಂಬಿಟ್ಟು ರುಚಿ, ಆದರೆ ಹಿಟ್ಟು. ಏರಿನಲ್ಲಿ ಬೇಡ, ತುದಿಯಲ್ಲಿ ಕೂತು ತಿನ್ನಿ.

ಸಾಗರದ ನನ್ನ ಗೆಳತಿಯೊಬ್ಬಳು ಒಮ್ಮೆ ಪ್ರೀತಿಯಿಂದ ತೊಡೆದೇವು ತಂದಿದ್ದಳು. ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನ ಹಿಟ್ಟು ಸವರಿ ಎಬ್ಬಿಸಿದ ಆ ಕಾಗದದಂಥ ಪದರಗಳು ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಪುಡಿಪುಡಿ. ಅಂಗೈಗೆ ಸುರಿದುಕೊಂಡು ನೆಕ್ಕಿದೆವು. ಒಂದು ಚೂರೂ ಬಿಡಲಿಲ್ಲ ಅನ್ನೋದು ಬೇರೆ ಮಾತು.

ಮೂರನೆಯದನ್ನು ಯಾರೂ ಒಯ್ಯುವುದಿಲ್ಲ: ಹುಳಿ. ನಾಲ್ಕು ಗಂಟೆ ನಡೆದ ಮೇಲೆ ಸಿಹಿ ಕಂಡರೆ ವಾಕರಿಕೆ ಬರುವವರು ಇರುತ್ತಾರೆ. ಅವರಿಗೆ ಚಿಕ್ಕಿ ಕೊಟ್ಟು ಒತ್ತಾಯ ಮಾಡಿ ಪ್ರಯೋಜನ ಇಲ್ಲ. ಉಪ್ಪು ಹಾಕಿ ಒಣಗಿಸಿದ ನೆಲ್ಲಿಚಟ್ಟು ಒಂದು ಚೂರು ಕೆನ್ನೆಯಲ್ಲಿ ಇಟ್ಟುಕೊಳ್ಳಲು ಹೇಳಿ. ಬಾಯಲ್ಲಿ ನೀರೂರುತ್ತದೆ. ಹತ್ತು ನಿಮಿಷ ಬಿಟ್ಟು ಅವರೇ ಅವಲಕ್ಕಿಗೆ ಕೈ ಚಾಚುತ್ತಾರೆ. ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಬೀಜ ತೆಗೆದ ಹುಣಸೆಹಣ್ಣಿಗೆ ಉಪ್ಪು ಬೆಲ್ಲ ಸೇರಿಸಿ ಉರುಟಿದ ಗೋಲಿ, ಕಿತ್ತಳೆ ತೊಳೆ, ಎಲ್ಲದರ ಕೆಲಸವೂ ಅದೇ. ನಮ್ಮತ್ತೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಮಿಡಿಯನ್ನು ಎಣ್ಣೆ ಒರೆಸಿ ಬಾಳೆಲೆ ಚೂರಿನಲ್ಲಿ ಸುತ್ತಿ ಕೊಡುತ್ತಿದ್ದರು. ಅದನ್ನು ಬುತ್ತಿಯ ಜೊತೆ ತಿನ್ನಿ ಅಂತ ಅವರ ಮಾತು. ನಾನು ಅರ್ಧ ದಾರಿಯಲ್ಲೇ ಮುಗಿಸುತ್ತಿದ್ದೆ.

ಚಿಪ್ಸ್ ಬಗ್ಗೆ ಎಲ್ಲರೂ ಬೈಯುತ್ತಾರೆ, ನಾನು ಅಷ್ಟು ಬೈಯುವುದಿಲ್ಲ. 100 ಗ್ರಾಂಗೆ 500ಕ್ಕೂ ಜಾಸ್ತಿ ಕ್ಯಾಲೊರಿ, ಉಪ್ಪೂ ಇದೆ. ಬೆಟ್ಟದಲ್ಲಿ ಅದು ದೋಷವಲ್ಲ. ತೊಂದರೆ ಇರುವುದು ಪ್ಯಾಕೆಟ್‌ನಲ್ಲಿ. ಗಾಳಿ ತುಂಬಿದ ಚೀಲ ಜಾಗ ತಿನ್ನುತ್ತದೆ, ಕೂತರೆ ಒಡೆಯುತ್ತದೆ, ಅದರ ಸರಪರ ಸದ್ದಿಗೆ ಮಂಗಗಳು ಕಿವಿ ನಿಮಿರಿಸುತ್ತವೆ. ಮಕ್ಕಳು ಬೇಕೇ ಬೇಕು ಅಂದರೆ ಬಾಳೆಕಾಯಿ ಅಥವಾ ಹಲಸಿನಕಾಯಿ ಚಿಪ್ಸನ್ನು ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ ಒಯ್ಯಿರಿ. ಚಕ್ಕುಲಿ, ಕೋಡುಬಳೆಯೂ ಹಾಗೇ.

ಇನ್ನು ಬುತ್ತಿ. ನನ್ನ ಓಟು ಮೊಸರನ್ನಕ್ಕೆ, ಆದರೆ ಮೊಸರಿನಲ್ಲಿ ಕಲಸಿದ್ದಕ್ಕಲ್ಲ. ಬೆಳಗಿನ ಜಾವ ಅನ್ನವನ್ನು ಸ್ವಲ್ಪ ಮೆತ್ತಗೆ ಮಾಡಿ. ಬಿಸಿ ಇರುವಾಗಲೇ ಸೌಟಿನಲ್ಲಿ ಮಸೆದು, ಕಾಸಿದ ಹಾಲನ್ನು ಅನ್ನ ತೇಲುವಷ್ಟು ಹಾಕಿ. ಅಗಲ ತಟ್ಟೆಯಲ್ಲಿ ಹರವಿ ಆರಲು ಬಿಡಿ. ಬೆರಳಿಟ್ಟರೆ ಉಗುರುಬೆಚ್ಚಗಿರುವಾಗ ಎರಡು ಚಮಚ ಮೊಸರು, ಉಪ್ಪು, ಶುಂಠಿ ಚೂರು. ಡಬ್ಬ ತುಂಬಿ. ನೀವು ನಡೆಯುತ್ತಿರುವಾಗ ಅದು ನಿಮ್ಮ ಬೆನ್ನ ಮೇಲೆ ಹೆಪ್ಪಾಗುತ್ತದೆ. ಹನ್ನೆರಡೂವರೆಗೆ ಬಿಚ್ಚಿದರೆ ಹುಳಿ ಬಂದಿರುವುದಿಲ್ಲ. ನವೆಂಬರ್ ಚಳಿ ಅಂತ ಎರಡು ಚಮಚ ಹೇಳಿದೆ, ಬೇಸಿಗೆಗೆ ಒಂದೇ ಸಾಕು. ಹಿಂದಿನ ರಾತ್ರಿ ಮಾಡಿ ಹೊರಗಿಟ್ಟ ಅನ್ನ ಮಾತ್ರ ಬೇಡವೇ ಬೇಡ. ಹಾಗೆ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿಬಿಸಿ ತುಂಬಿ ಮುಚ್ಚಳ ಹಾಕುವುದೂ ತಪ್ಪು, ಒಳಗಿನ ಹಬೆಗೆ ಬೇಗ ಹಳಸುತ್ತದೆ.

ಪುಳಿಯೋಗರೆಯೂ ಇರಲಿ. ಹುಣಸೆಹುಳಿಯಿಂದ ಅದು ಚೆನ್ನಾಗಿ ತಾಳುತ್ತದೆ. ಎಣ್ಣೆ ಕಡಿಮೆ ಮಾಡಿ, ತಲೆಗೆ ಒಂದೂವರೆ ಸೌಟಿಗಿಂತ ಜಾಸ್ತಿ ಬೇಡ. ಹೊಟ್ಟೆ ಭಾರವಾದರೆ ಇಳಿಜಾರಿನಲ್ಲಿ ಮೊಣಕಾಲು ಮಾತು ಕೇಳುವುದಿಲ್ಲ. ಚಪಾತಿಗೆ ತುಪ್ಪ, ಬೆಲ್ಲದ ಪುಡಿ ಸವರಿ ಸುರುಳಿ ಸುತ್ತಿದರೆ ಮಕ್ಕಳು ಖುಷಿಯಲ್ಲಿ ತಿನ್ನುತ್ತಾರೆ. ಅಕ್ಕಿರೊಟ್ಟಿ ಮಧ್ಯಾಹ್ನಕ್ಕೆ ಚಪ್ಪಲಿಯಾಗುತ್ತದೆ, ಒಯ್ಯಬೇಡಿ.

ತೆಂಗಿನಕಾಯಿ ಚಟ್ನಿ ಯಾವ ಕಾರಣಕ್ಕೂ ಬೇಡ. ನರಸಿಂಹ ಪರ್ವತಕ್ಕೆ ಹೋದಾಗ ನಾನೇ ಮಾಡಿದ ತಪ್ಪು ಇದು. ಬೆಳಗ್ಗೆ ನಾಲ್ಕಕ್ಕೆ ರುಬ್ಬಿದ ಚಟ್ನಿ, ಬಿಸಿ ಇಡ್ಲಿಯ ಡಬ್ಬದ ಮೇಲೇ ಇಟ್ಟು ಕಟ್ಟಿದ್ದೆ. ಹನ್ನೊಂದಕ್ಕೆ ಮುಚ್ಚಳ ತೆಗೆದಾಗ ಸಣ್ಣ ವಾಸನೆ ಇತ್ತು. "ಪರವಾಗಿಲ್ಲ, ಒಗ್ಗರಣೆ ವಾಸನೆ" ಅಂತ ನಾನೇ ಧೈರ್ಯ ಹೇಳಿದೆ. ಮೂವರು ಇಳಿಯುವ ದಾರಿಯಲ್ಲಿ ವಾಂತಿ ಮಾಡಿಕೊಂಡರು. ಅದರಲ್ಲಿ ಒಬ್ಬರು ನನ್ನ ಮನೆಯವರು, ಇವತ್ತಿಗೂ ಬಿಟ್ಟಿಲ್ಲ. ಚಟ್ನಿಪುಡಿ ಒಯ್ಯಿರಿ.

ನೀರಿನ ವಿಷಯ. ನಿಮ್ಮ ತಲೆನೋವಿಗೆ ಅರ್ಧ ಕಾರಣ ಇಲ್ಲೇ ಇರಬೇಕು. ತಲೆಗೆ ಎರಡೂವರೆ ಲೀಟರ್ ಇಟ್ಟುಕೊಳ್ಳಿ. ಹಿಡ್ಲುಮನೆಯಿಂದ ಮೇಲೆ ಕಾಡು ಮುಗಿದ ಕೂಡಲೇ ಹುಲ್ಲುಗಾವಲು ಶುರು, ನೆರಳಿಲ್ಲ. ನವೆಂಬರ್ ಗಾಳಿ ತಂಪಾಗಿ ಬೀಸುವುದರಿಂದ ಬೆವರುವುದು ಗೊತ್ತಾಗುವುದಿಲ್ಲ. ಒಂದು ಲೀಟರ್ ಬಾಟಲಿಗೆ ಓಆರ್‌ಎಸ್ ಪುಡಿ ಕಲಸಿ. ಪ್ಯಾಕೆಟ್‌ನಲ್ಲಿ ಹೇಳಿದಷ್ಟೇ ನೀರು, ಅಂದಾಜಿಗೆ ಅರ್ಧ ಪುಡಿ ಸುರಿಯಬೇಡಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ನಿಂಬೆಹುಳಿ. ಮುರುಗಲಿನ ನೀರಿಗೂ ಇದೇ ಲೆಕ್ಕ ನಡೆಯುತ್ತದೆ. ಜಲಪಾತದ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಮೀನಖಂಡ ಹಿಡಿದಿದ್ದಕ್ಕೆ ಉಪ್ಪು, ನೀರು ಕಡಿಮೆಯಾದದ್ದೊಂದೇ ಕಾರಣ ಅಂತ ಹೇಳಲಾರೆ. ಅಭ್ಯಾಸವಿಲ್ಲದ ಕಾಲು ದಣಿದರೂ ಹಿಡಿಯುತ್ತದೆ. ಈಗಿನಿಂದಲೇ ದಿನಾ ಅರ್ಧ ಗಂಟೆ ಮೆಟ್ಟಿಲು ಹತ್ತಿಳಿಯಿರಿ, ಅದಕ್ಕೆ ತಿಂಡಿಯಲ್ಲಿ ಬದಲಿ ಇಲ್ಲ.

ಭಾವನವರ ವಿಷಯದಲ್ಲಿ ಹುಷಾರು. ಸಕ್ಕರೆ ಕಾಯಿಲೆ ಅಂತ ಅವರಿಗೆ ಜೇಬಿನ ತಿಂಡಿ ಕೊಡದೆ ಇರಬೇಡಿ. ಆರೇಳು ಗಂಟೆ ನಡೆದಾಗ ಸಕ್ಕರೆ ಏರುವ ಅಪಾಯಕ್ಕಿಂತ ಇಳಿಯುವ ಅಪಾಯ ಜಾಸ್ತಿ, ಅದರಲ್ಲೂ ಕೆಲವು ಮಾತ್ರೆಗಳಲ್ಲಿ, ಇನ್ಸುಲಿನ್‌ನಲ್ಲಿ. ಹೊರಡುವ ಮೊದಲು ಅವರ ಡಾಕ್ಟರ ಹತ್ತಿರ "ಇಷ್ಟು ಹೊತ್ತು ಬೆಟ್ಟ ಹತ್ತುತ್ತೇನೆ, ಆ ದಿನದ ಮಾತ್ರೆ ಹೇಗೆ" ಅಂತ ಕೇಳಲಿ. ಅವರಿಗೆ ಹುರಿಗಡಲೆ, ಶೇಂಗಾ ಜಾಸ್ತಿ, ಸಕ್ಕರೆ ಹಾಕದ ಅವಲಕ್ಕಿ. ಜೊತೆಗೆ ಅವರ ಜೇಬಿನಲ್ಲೂ ನಿಮ್ಮ ಜೇಬಿನಲ್ಲೂ ಗ್ಲೂಕೋಸ್ ಪುಡಿ ಇರಲೇಬೇಕು. ಕೈ ನಡುಕ, ತಣ್ಣನೆಯ ಬೆವರು, ಮಾತಿನಲ್ಲಿ ಗೊಂದಲ ಕಂಡರೆ ಕೂರಿಸಿ, 15 ಗ್ರಾಂ, ಅಂದರೆ ಮೂರು ಟೀ ಚಮಚದಷ್ಟನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷ ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ. ಆಮೇಲೂ ಸರಿಹೋಗದಿದ್ದರೆ ಬೆಟ್ಟ ಬಿಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಆ ಹೊತ್ತಿಗೆ ಚಿಕ್ಕಿ ಕೊಡಬೇಡಿ. ಶೇಂಗಾದ ಎಣ್ಣೆ ಅದರ ಸಿಹಿ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಸರಿಯಾದ ಮೇಲೆ ಚಿಕ್ಕಿ.

ಮಕ್ಕಳಿಗೆ ಅವರವರ ಡಬ್ಬ ಅವರವರ ಕೈಗೇ ಕೊಡಿ. ತಮ್ಮ ಪಾಲು ಅಂತಾದರೆ ತಾವೇ ಲೆಕ್ಕ ಹಾಕಿ ತಿನ್ನುತ್ತಾರೆ.

ತಿನ್ನುವ ಜಾಗದ ಬಗ್ಗೆಯೂ ಹೇಳಬೇಕು. ತರಗೆಲೆಯ ಮೇಲೆ ಕೂರಬೇಡಿ, ಬಂಡೆ ಹುಡುಕಿ. ನಮ್ಮ ಜಿಲ್ಲೆಗೆ ಇದು ಬರೀ ಶಿಸ್ತಿನ ಮಾತಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗು ತರಗೆಲೆಯಲ್ಲೇ ಇರುವುದು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ, ನೀವು ಹೋಗುವುದು ಅದರ ಹೊಸ್ತಿಲಲ್ಲಿ. ಮಂಗಕ್ಕೆ ತಿಂಡಿ ಎಸೆಯುವುದು, ಹತ್ತಿರ ಕರೆಯುವುದು ಬೇಡ. ಬಾಳೆಹಣ್ಣಿನ ಸಿಪ್ಪೆ ಕೊಳೆಯುತ್ತೆ ಅಲ್ವಾ ಅಂತ ಬಿಸಾಡುವವರೂ ಇದ್ದಾರೆ. ಕೊಳೆಯುವ ಮೊದಲು ಅದು ಮಂಗವನ್ನು ದಾರಿಗೆ ಕರೆಯುತ್ತದೆ. ಒಂದು ಗಟ್ಟಿ ಪ್ಲಾಸ್ಟಿಕ್ ಕೊಟ್ಟೆ ಇಟ್ಟುಕೊಂಡು ಸಿಪ್ಪೆ, ಕಾಗದ ಎಲ್ಲ ವಾಪಸ್ ತನ್ನಿ. ನೀರಿರುವ ಕಡೆ ಇಂಬಳ (ಜಿಗಣೆ) ಇನ್ನೂ ಇದ್ದಾವು. ಅದಕ್ಕೆ ಅಂತ ಒಯ್ಯುವ ಉಪ್ಪಿನ ಪೊಟ್ಟಣವನ್ನೂ ಸೌತೆಕಾಯಿಗೆ ಅಂತ ಒಯ್ಯುವ ಉಪ್ಪನ್ನೂ ಬೇರೆ ಬೇರೆ ಇಡಿ. ಯಾಕೆ ಅಂತ ವಿವರಿಸುವುದಿಲ್ಲ.

ಲೆಕ್ಕ ಕೇಳಿದ್ದೀರಿ. ಎಂಟು ಜನಕ್ಕೆ ತಯಾರಾದ ಅವಲಕ್ಕಿ 650 ಗ್ರಾಂ, ಅಂದರೆ ತಲೆಗೆ 80 ಗ್ರಾಂ. ಇಪ್ಪತ್ತು ಗ್ರಾಂನ ಚಿಕ್ಕಿ ತಲೆಗೆ ನಾಲ್ಕರಂತೆ ಮೂವತ್ತೆರಡು. ಪುಟ್ಟಬಾಳೆ ಹದಿನಾರು, ಸ್ವಲ್ಪ ಕಾಯಿ ಇರುವಂಥದ್ದು, ಚೀಲದ ಮೇಲ್ಭಾಗದಲ್ಲಿ. ಸೌತೆಕಾಯಿ ಎಂಟು. ಅದರಲ್ಲಿ ಶೇಕಡ 95 ನೀರು, ಭಾರ ಹೊತ್ತರೂ ನಷ್ಟವಿಲ್ಲ. ನೆಲ್ಲಿಚಟ್ಟು ಒಂದು ಸಣ್ಣ ಪೊಟ್ಟಣ. ಬುತ್ತಿಗೆ ಒಂದು ಕಿಲೋ ಅಕ್ಕಿಗಿಂತ ಜಾಸ್ತಿ ಬೇಯಿಸಬೇಡಿ. ಬೆಳಗ್ಗೆ ನಡಿಗೆ ಶುರುವಾಗುವ ಒಂದು ಗಂಟೆ ಮೊದಲು ಎಲ್ಲರೂ ಇಡ್ಲಿಯೋ ದೋಸೆಯೋ ತಿಂದೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬುತ್ತಿಯನ್ನು ಮೂಕಾಂಬಿಕೆಯ ಮೂಲಸ್ಥಾನದ ಹತ್ತಿರ ಅರ್ಧ ಬಿಚ್ಚಿ, ಸರ್ವಜ್ಞ ಪೀಠ ನೋಡಿ ಇಳಿದು ಬಂದ ಮೇಲೆ ಉಳಿದರ್ಧ. 1,343 ಮೀಟರ್ ಎತ್ತರದ ಆ ತುದಿಗೆ ಕೊನೆಯ ಏರು ಹತ್ತುವಾಗ ಹೊಟ್ಟೆ ಹಗುರವಾಗಿರಲಿ, ಜೇಬು ತುಂಬಿರಲಿ.

ಇನ್ನೊಂದು ಡಬ್ಬ ಉಳಿಯಿತು. ಅದನ್ನು ಮೇಲೆ ಒಯ್ಯುವುದಲ್ಲ, ಕಾರಿನ ಡಿಕ್ಕಿಯಲ್ಲಿಡುವುದು. ಮಂಡಕ್ಕಿ, ಹುರಿಗಡಲೆ, ಒಂದು ಈರುಳ್ಳಿ, ಒಂದು ಟೊಮೆಟೊ, ನಿಂಬೆಹಣ್ಣು, ಸಣ್ಣ ಚಾಕು. ಎರಡು ಲೀಟರ್ ನೀರು ಬೇರೆ. ಸಂಜೆ ಇಳಿದು ಬಂದು ಶೂ ಬಿಚ್ಚಿ ಇಂಬಳ ಹುಡುಕುತ್ತಾ ಕೂತಾಗ ನಿಟ್ಟೂರಿನ ಹೋಟೆಲ್ ತಲುಪುವವರೆಗೂ ಯಾರಿಗೂ ತಾಳ್ಮೆ ಇರುವುದಿಲ್ಲ. ಆಗ ತೆಗೆಯಿರಿ. ಅಲ್ಲಿಯವರೆಗೆ ಮಕ್ಕಳಿಗೆ ಗೊತ್ತಾಗಬಾರದು, ಗೊತ್ತಾದರೆ ಬೆಳಗ್ಗೆ ಹೊಸನಗರ ದಾಟುವ ಮೊದಲೇ ಖಾಲಿ.